ಲಾರ್ಡ್ ಕೆಲ್ವಿನ್ (1824–1907): ಉಬ್ಬರವಿಳಿತದ ಮಾಪನಕ್ಕೆ ತಳಹದಿ ಹಾಕಿದ ವಿಜ್ಞಾನಿ

ಪೀಠಿಕೆ

ಕರಾವಳಿಯಲ್ಲಿ ಮನೆ ಕಟ್ಟಲು ಅನುಮತಿ ಕೋರುವವರು, ಹಡಗು ಅಥವಾ ದೋಣಿಯನ್ನು ಬಂದರಿಗೆ ತರುವವರು, ಅಳಿವೆಯನ್ನು ದಾಟಿ ಮೀನುಗಾರಿಕೆಗೆ ಹೊರಡುವವರು ಒಂದಲ್ಲ ಒಂದು ಹಂತದಲ್ಲಿ ಉಬ್ಬರದ ರೇಖೆ, ಉಬ್ಬರವಿಳಿತದ ಕೋಷ್ಟಕ, ಸರಾಸರಿ ಸಮುದ್ರ ಮಟ್ಟ ಎಂಬ ಪದಗಳನ್ನು ಎದುರಿಸುತ್ತಾರೆ. ಕರಾವಳಿ ನಿಯಂತ್ರಣ ವಲಯಕ್ಕೆ ಸಂಬಂಧಿಸಿದ 1991, 2011 ಮತ್ತು 2019ರ ಅಧಿಸೂಚನೆಗಳಲ್ಲಿ ದಡದ ಮೇಲಿನ ದೂರಗಳನ್ನು ಉಬ್ಬರದ ರೇಖೆಯಿಂದ ಎಣಿಸಲಾಗಿದೆ. ಹುಣ್ಣಿಮೆ ಅಮಾವಾಸ್ಯೆಗಳ ದೊಡ್ಡ ಉಬ್ಬರದಲ್ಲಿ ನೀರು ಭೂಮಿಯ ಮೇಲೆ ಎಲ್ಲಿಯವರೆಗೆ ಏರುತ್ತದೆಯೋ ಅದೇ ಈ ರೇಖೆ. ಹೀಗಾಗಿ ಒಂದು ಕುಟುಂಬದ ಮನೆಯ ಜಾಗವೂ ಒಂದು ದೋಣಿಯ ಸುರಕ್ಷಿತ ಪ್ರವೇಶವೂ ಸಮುದ್ರದ ಏರಿಳಿತದ ಸರಿಯಾದ ಅಳತೆಯನ್ನು ಅವಲಂಬಿಸಿವೆ.

ಪ್ರತಿಯೊಂದು ಬಂದರಿನಲ್ಲಿ ನೀರಿನ ಮಟ್ಟವನ್ನು ಎಡೆಬಿಡದೆ ದಾಖಲಿಸುವುದು, ಆ ದಾಖಲೆಯಿಂದಲೇ ಮುಂದಿನ ವರ್ಷಗಳ ಉಬ್ಬರವಿಳಿತವನ್ನು ಲೆಕ್ಕ ಹಾಕುವುದು – ಈ ಕ್ರಮಬದ್ಧ ವಿಧಾನವನ್ನು ರೂಪಿಸಿದವರಲ್ಲಿ ಅಗ್ರಗಣ್ಯರು ಸರ್ ವಿಲಿಯಂ ಥಾಮ್ಸನ್. ಮುಂದೆ ಲಾರ್ಡ್ ಕೆಲ್ವಿನ್ ಎಂಬ ಹೆಸರಿನಿಂದ ಪ್ರಸಿದ್ಧರಾದ ಇವರನ್ನು ಉಷ್ಣತೆಯ ಮಾನದಿಂದ ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಸಮುದ್ರದ ಅಳತೆಗೆ ಅವರು ಸಲ್ಲಿಸಿದ ಸೇವೆ ಅಷ್ಟಾಗಿ ಪರಿಚಿತವಲ್ಲ. ಆ ಸೇವೆಯ ಫಲವಾಗಿ ನಮ್ಮ ಕಾರವಾರವೂ ಉಬ್ಬರವಿಳಿತ ವಿಜ್ಞಾನದ ಇತಿಹಾಸದಲ್ಲಿ ಸ್ಥಾನ ಪಡೆದಿದೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ವಿಲಿಯಂ ಥಾಮ್ಸನ್ ಅವರು 1824ರ ಜೂನ್ 26ರಂದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ಜನಿಸಿದರು. ತಂದೆ ಜೇಮ್ಸ್ ಥಾಮ್ಸನ್ ಗಣಿತದ ಅಧ್ಯಾಪಕರು. ವಿಲಿಯಂ ಆರು ವರ್ಷದ ಬಾಲಕರಾಗಿದ್ದಾಗ ತಾಯಿ ತೀರಿಕೊಂಡರು. ಮಕ್ಕಳ ಪಾಲನೆ ಮತ್ತು ಶಿಕ್ಷಣ ಎರಡನ್ನೂ ತಂದೆಯೇ ವಹಿಸಿಕೊಂಡರು. 1832ರಲ್ಲಿ ತಂದೆಗೆ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕ ಹುದ್ದೆ ದೊರೆತುದರಿಂದ ಕುಟುಂಬವು ಗ್ಲಾಸ್ಗೋಗೆ ಬಂದು ನೆಲೆಸಿತು. 1834ರಲ್ಲಿ, ಹತ್ತನೆಯ ವಯಸ್ಸಿನಲ್ಲಿ, ವಿಲಿಯಂ ಅದೇ ವಿಶ್ವವಿದ್ಯಾನಿಲಯದ ತರಗತಿಗಳನ್ನು ಸೇರಿದರು.

1840ರಲ್ಲಿ ಅವರು ಓದಿದ ಒಂದು ಗ್ರಂಥವು ಅವರ ಮುಂದಿನ ಜೀವನವನ್ನೇ ರೂಪಿಸಿತು. ಫ್ರೆಂಚ್ ಗಣಿತಜ್ಞ ಫೂರಿಯೇ ಅವರು ಶಾಖದ ಹರಿವನ್ನು ಕುರಿತು ಬರೆದ ಗ್ರಂಥ ಅದು. ಎಷ್ಟೇ ಜಟಿಲವಾದ ಏರಿಳಿತವನ್ನಾದರೂ ಹಲವು ಸರಳ ಏರಿಳಿತಗಳ ಮೊತ್ತವಾಗಿ ಬಿಡಿಸಬಹುದು ಎಂಬುದು ಫೂರಿಯೇ ಅವರ ವಿಧಾನದ ತಿರುಳು. ಈ ವಿಧಾನದ ಬಗ್ಗೆ ಆಗ ಎದ್ದಿದ್ದ ಆಕ್ಷೇಪಕ್ಕೆ ಉತ್ತರವಾಗಿ ಥಾಮ್ಸನ್ ಬರೆದ ಲೇಖನವು 1841ರಲ್ಲಿ ಕೇಂಬ್ರಿಜ್‌ನ ಗಣಿತ ಪತ್ರಿಕೆಯಲ್ಲಿ ಪ್ರಕಟವಾಯಿತು. ಲೇಖಕರ ಹೆಸರಿನ ಜಾಗದಲ್ಲಿ ಮೂರು ಅಕ್ಷರಗಳ ಸಂಕೇತ ಮಾತ್ರ ಇತ್ತು. ಆಗ ಅವರಿಗೆ ಸುಮಾರು ಹದಿನೇಳು ವರ್ಷ. ಅದೇ ವರ್ಷ ಅವರು ಕೇಂಬ್ರಿಜ್‌ನ ಪೀಟರ್‌ಹೌಸ್ ಕಾಲೇಜನ್ನು ಸೇರಿ, 1845ರ ಗಣಿತ ಪರೀಕ್ಷೆಯಲ್ಲಿ ಎರಡನೆಯ ಸ್ಥಾನವನ್ನೂ ಅನಂತರ ನಡೆದ ಸ್ಮಿತ್ ಬಹುಮಾನದ ಪರೀಕ್ಷೆಯಲ್ಲಿ ಮೊದಲ ಸ್ಥಾನವನ್ನೂ ಪಡೆದರು. ಬಳಿಕ ಪ್ಯಾರಿಸ್‌ನಲ್ಲಿ ರೆನ್ಯೋ ಅವರ ಪ್ರಯೋಗಶಾಲೆಯಲ್ಲಿ ಕೆಲಕಾಲ ಕೆಲಸ ಮಾಡಿ ಸೂಕ್ಷ್ಮ ಮಾಪನದ ಶಿಸ್ತನ್ನು ಕಲಿತರು.

ಪ್ರಾಧ್ಯಾಪಕ ವೃತ್ತಿ ಮತ್ತು ಸಮುದ್ರದ ಸಂಪರ್ಕ

1846ರಲ್ಲಿ, 22ನೆಯ ವಯಸ್ಸಿನಲ್ಲಿ, ಥಾಮ್ಸನ್ ಅವರು ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಪ್ರಾಧ್ಯಾಪಕರಾಗಿ ನೇಮಕಗೊಂಡರು. 1899ರವರೆಗೆ, ಅಂದರೆ 53 ವರ್ಷಗಳ ಕಾಲ, ಅವರು ಆ ಪೀಠವನ್ನು ಬಿಡಲಿಲ್ಲ. 1848ರಲ್ಲಿ ಅವರು ಪ್ರತಿಪಾದಿಸಿದ ನಿರಪೇಕ್ಷ ಉಷ್ಣತಾ ಮಾನವು ಇಂದು ಕೆಲ್ವಿನ್ ಎಂಬ ಏಕಮಾನದ ರೂಪದಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಅವರನ್ನು ಸಮುದ್ರದತ್ತ ಕರೆದೊಯ್ದದ್ದು ತಂತಿ ಸಮಾಚಾರ. ಅಟ್ಲಾಂಟಿಕ್ ಸಾಗರದ ತಳದಲ್ಲಿ ತಂತಿಯನ್ನು ಹಾಸಿ ಯೂರೋಪ್ ಮತ್ತು ಅಮೆರಿಕಗಳನ್ನು ಜೋಡಿಸುವ ಕಾರ್ಯದಲ್ಲಿ ಅವರು 1857, 1858, 1865 ಮತ್ತು 1866ರ ಸಮುದ್ರಯಾನಗಳಲ್ಲಿ ಸ್ವತಃ ಪಾಲ್ಗೊಂಡರು. 1858ರಲ್ಲಿ ಹಾಸಿದ ತಂತಿಯು ಕೆಲವೇ ವಾರಗಳಲ್ಲಿ ನಿಷ್ಕ್ರಿಯವಾಯಿತು. 1865ರಲ್ಲಿ ತಂತಿ ನಡುಗಡಲಿನಲ್ಲಿ ತುಂಡಾಯಿತು. 1866ರಲ್ಲಿ ಕಾರ್ಯವು ಸಫಲವಾದಾಗ ಅವರಿಗೆ ಸರ್ ಪದವಿ ಲಭಿಸಿತು. ಆಳ ತಿಳಿಯದ ಕಡಲಿನಲ್ಲಿ ಕೆಲಸ ಮಾಡುವುದೆಂದರೆ ಏನೆಂಬುದನ್ನು ಈ ವರ್ಷಗಳು ಅವರಿಗೆ ಮನವರಿಕೆ ಮಾಡಿಕೊಟ್ಟವು.

ವೈಯಕ್ತಿಕ ಜೀವನದಲ್ಲಿ ಅವರು ಕಷ್ಟಗಳನ್ನು ಕಂಡವರು. 1849ರಲ್ಲಿ ತಂದೆ ಕಾಲರಾ ರೋಗಕ್ಕೆ ಬಲಿಯಾದರು. 1860ರ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಆಡುವಾಗ ಬಿದ್ದು ತೊಡೆಯ ಮೂಳೆ ಮುರಿದುದರಿಂದ ಜೀವನಪರ್ಯಂತ ಕುಂಟುತ್ತಾ ನಡೆಯಬೇಕಾಯಿತು. ದೀರ್ಘಕಾಲ ಅನಾರೋಗ್ಯದಿಂದ ಬಳಲಿದ ಪತ್ನಿ ಮಾರ್ಗರೆಟ್ 1870ರಲ್ಲಿ ನಿಧನರಾದರು. ಅದೇ ವರ್ಷ ಅವರು ಲಾಲಾ ರೂಖ್ ಎಂಬ 126 ಟನ್ನಿನ ಹಾಯಿ ನೌಕೆಯನ್ನು ಕೊಂಡರು. ಅಲ್ಲಿಂದ ಮುಂದೆ ಬೇಸಿಗೆಯ ತಿಂಗಳುಗಳಲ್ಲಿ ಆ ನೌಕೆಯೇ ಅವರ ಮನೆಯೂ ಪ್ರಯೋಗಶಾಲೆಯೂ ಆಯಿತು. 1872ರಲ್ಲಿ ಬಿಸ್ಕೆ ಕೊಲ್ಲಿಯಲ್ಲಿ ಅವರು ಪಿಯಾನೋ ವಾದ್ಯದ ಉಕ್ಕಿನ ತಂತಿಯನ್ನು ಇಳಿಬಿಟ್ಟು ಸಮುದ್ರದ ಆಳವನ್ನು ಅಳೆದರು. ಅದುವರೆಗೆ ದಪ್ಪ ಹಗ್ಗ ಬಳಸುತ್ತಿದ್ದುದರಿಂದ ಆಳ ನೋಡಲು ಹಡಗನ್ನು ನಿಲ್ಲಿಸಲೇಬೇಕಾಗಿತ್ತು. ಮುಂದೆ ಈ ಸಾಧನವನ್ನು ಅವರು ಸುಧಾರಿಸಿದ ಮೇಲೆ ಸಾಗುತ್ತಿರುವ ಹಡಗಿನಿಂದಲೇ ಆಳವನ್ನು ಅಳೆಯುವುದು ಸಾಧ್ಯವಾಯಿತು. ಕತ್ತಲಲ್ಲಿ ಅಥವಾ ಮಂಜಿನಲ್ಲಿ ದಡಕ್ಕೆ ಸಮೀಪಿಸುವ ನಾವಿಕರಿಗೆ ಇದು ಪ್ರಾಣರಕ್ಷಕವಾಗಿತ್ತು.

ಥಾಮ್ಸನ್ ಅವರಿಗೆ ಮುಂಚಿನ ಸ್ಥಿತಿ

ಉಬ್ಬರವಿಳಿತಕ್ಕೆ ಚಂದ್ರ ಸೂರ್ಯರ ಆಕರ್ಷಣೆಯೇ ಕಾರಣವೆಂಬುದನ್ನು ನ್ಯೂಟನ್ 1687ರಲ್ಲಿ ವಿವರಿಸಿದ್ದರು. ಫ್ರಾನ್ಸಿನ ಲಾಪ್ಲಾಸ್ ಅವರು 18ನೆಯ ಶತಮಾನದ ಉತ್ತರಾರ್ಧದಲ್ಲಿ ಅದರ ಗಣಿತವನ್ನು ಬಹುದೂರ ಬೆಳೆಸಿದ್ದರು. ಆದರೂ ನಾಳೆ ಬೆಳಿಗ್ಗೆ ಇಂಥ ಬಂದರಿನಲ್ಲಿ ನೀರು ಎಷ್ಟು ಗಂಟೆಗೆ ಎಷ್ಟು ಎತ್ತರ ಏರುತ್ತದೆ ಎಂಬ ನಾವಿಕನ ಸರಳ ಪ್ರಶ್ನೆಗೆ ಸಿದ್ಧಾಂತವೊಂದರಿಂದಲೇ ಉತ್ತರ ಸಿಗುತ್ತಿರಲಿಲ್ಲ. ಸಾಗರತಳದ ಆಕಾರ, ಕೊಲ್ಲಿಯ ಅಗಲ, ದಡದ ತಿರುವು, ಮರಳ ದಿಬ್ಬ – ಇವೆಲ್ಲವೂ ನೀರಿನ ಚಲನೆಯನ್ನು ಬದಲಿಸುತ್ತವೆ.

ಆದಕಾರಣ ಅಳತೆಯೇ ದಾರಿಯಾಗಿತ್ತು. ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ಅಧಿಕಾರಿ ವಿಲಿಯಂ ಹಚಿನ್‌ಸನ್ ಅವರು 1764ರಿಂದ ಸುಮಾರು ಮೂವತ್ತು ವರ್ಷಗಳ ಕಾಲ ಉಬ್ಬರದ ವೇಳೆ ಮತ್ತು ಎತ್ತರಗಳನ್ನು ಬರೆದಿಟ್ಟರು. 1831ರಲ್ಲಿ ಥೇಮ್ಸ್ ನದಿಯ ಮುಖದ ಬಳಿಯ ಶಿಯರ್‌ನೆಸ್‌ನಲ್ಲಿ ತಾನಾಗಿಯೇ ದಾಖಲಿಸುವ ಮಾಪಕವನ್ನು ಸ್ಥಾಪಿಸಲಾಯಿತು. 1835ರ ಜೂನ್ ತಿಂಗಳಲ್ಲಿ ವಿಲಿಯಂ ಹ್ಯೂಯೆಲ್ ಅವರು ಅಟ್ಲಾಂಟಿಕ್‌ನ ಎರಡೂ ದಡಗಳ ನೂರಾರು ಕೇಂದ್ರಗಳಲ್ಲಿ ಏಕಕಾಲದ ವೀಕ್ಷಣೆಯನ್ನು ಏರ್ಪಡಿಸಿದರು. ದಾಖಲೆಗಳ ರಾಶಿ ಬೆಳೆಯಿತು. ಅದರಿಂದ ನಿಯಮವನ್ನು ಹೊರತೆಗೆಯುವ, ಎಲ್ಲ ಬಂದರುಗಳಿಗೂ ಸಲ್ಲುವ ವಿಧಾನ ಮಾತ್ರ ಇರಲಿಲ್ಲ.

ಹಾರ್ಮೋನಿಕ್ ವಿಶ್ಲೇಷಣೆ

1867ರಲ್ಲಿ ಥಾಮ್ಸನ್ ಅವರ ಪ್ರೇರಣೆಯಿಂದ ಬ್ರಿಟಿಷ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆಯು ಉಬ್ಬರವಿಳಿತ ಸಮಿತಿಯನ್ನು ರಚಿಸಿತು. ಹರೆಯದಲ್ಲಿ ಓದಿದ ಫೂರಿಯೇ ಅವರ ವಿಧಾನವನ್ನು ಥಾಮ್ಸನ್ ಈಗ ಸಮುದ್ರಕ್ಕೆ ಅನ್ವಯಿಸಿದರು. ಅವರ ಆಲೋಚನೆಯ ಸಾರ ಹೀಗಿದೆ. ಚಂದ್ರ, ಸೂರ್ಯ ಮತ್ತು ಭೂಮಿಯ ಚಲನೆಗಳ ಅವಧಿಗಳು ಖಗೋಳಶಾಸ್ತ್ರದಿಂದ ನಿಖರವಾಗಿ ತಿಳಿದಿವೆ. ಸಮುದ್ರದ ಏರಿಳಿತದಲ್ಲಿಯೂ ಅವೇ ಅವಧಿಗಳು ಕಾಣಿಸಿಕೊಳ್ಳಲೇಬೇಕು. ಪ್ರತಿಯೊಂದು ಅವಧಿಯ ಏರಿಳಿತವು ನಿರ್ದಿಷ್ಟ ಬಂದರಿನಲ್ಲಿ ಎಷ್ಟು ಎತ್ತರದ್ದು ಮತ್ತು ಎಷ್ಟು ತಡವಾಗಿ ಬರುತ್ತದೆ ಎಂಬ ಎರಡು ಸಂಖ್ಯೆಗಳು ಮಾತ್ರ ತಿಳಿಯದವು. ಆ ಸಂಖ್ಯೆಗಳನ್ನು ಸಿದ್ಧಾಂತದಿಂದ ಊಹಿಸಬೇಕಾಗಿಲ್ಲ. ಸುಮಾರು ಒಂದು ವರ್ಷದ ಅವಿಚ್ಛಿನ್ನ ದಾಖಲೆಯಿಂದ ಅವುಗಳನ್ನು ಲೆಕ್ಕ ಹಾಕಿ ಪಡೆಯಬಹುದು.

ಮುಖ್ಯ ಘಟಕಗಳು ಮತ್ತು ಅವುಗಳ ಅವಧಿಗಳು ಈ ಕೆಳಕಂಡಂತಿವೆ:

1. ಚಂದ್ರನ ಅರ್ಧದೈನಿಕ ಘಟಕ – 12 ಗಂಟೆ 25 ನಿಮಿಷ
2. ಸೂರ್ಯನ ಅರ್ಧದೈನಿಕ ಘಟಕ – 12 ಗಂಟೆ
3. ಚಂದ್ರನ ದೂರ ಹೆಚ್ಚು ಕಡಿಮೆಯಾಗುವುದರಿಂದ ಬರುವ ಘಟಕ – 12 ಗಂಟೆ 39 ನಿಮಿಷ
4. ಚಂದ್ರ ಸೂರ್ಯರ ಕೂಡು ದೈನಿಕ ಘಟಕ – 23 ಗಂಟೆ 56 ನಿಮಿಷ
5. ಚಂದ್ರನ ದೈನಿಕ ಘಟಕ – 25 ಗಂಟೆ 49 ನಿಮಿಷ

ಮೊದಲಿನ ಎರಡು ಘಟಕಗಳು ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಒಟ್ಟುಗೂಡಿದಾಗ ದೊಡ್ಡ ಉಬ್ಬರವೂ, ಅಷ್ಟಮಿಯ ಆಸುಪಾಸಿನಲ್ಲಿ ಪರಸ್ಪರ ಎದುರಾದಾಗ ಸಣ್ಣ ಉಬ್ಬರವೂ ಉಂಟಾಗುತ್ತವೆ. ನಮ್ಮ ಕರಾವಳಿಯ ಮೀನುಗಾರರು ತಿಥಿ ನೋಡಿ ಭರತಿಯನ್ನು ಅಂದಾಜು ಮಾಡುವುದಕ್ಕೂ ಇದೇ ಆಧಾರ. ತಿಥಿಯಿಂದ ತಿಳಿಯುವ ಅಂದಾಜನ್ನು ನಿಮಿಷ ಮತ್ತು ಸೆಂಟಿಮೀಟರುಗಳ ಲೆಕ್ಕಕ್ಕೆ ತಂದುದು ಹಾರ್ಮೋನಿಕ್ ವಿಶ್ಲೇಷಣೆ.

ಆಳವಿಲ್ಲದ ಸಮುದ್ರದ ವೈಶಿಷ್ಟ್ಯಗಳು

ದಡಕ್ಕೆ ಹತ್ತಿರವಾದಂತೆ ಸಮಸ್ಯೆ ಕಠಿಣವಾಗುತ್ತದೆ. ಉಬ್ಬರವು ಅತಿ ಉದ್ದನೆಯ ಅಲೆ. ಅದರ ವೇಗ ನೀರಿನ ಆಳವನ್ನು ಅನುಸರಿಸುತ್ತದೆ. 4,000 ಮೀಟರ್ ಆಳದ ಸಾಗರದಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರ್ ಸಾಗಿದರೆ, 40 ಮೀಟರ್ ಆಳದಲ್ಲಿ ಸುಮಾರು 70 ಕಿಲೋಮೀಟರ್, 10 ಮೀಟರ್ ಆಳದಲ್ಲಿ ಸುಮಾರು 36 ಕಿಲೋಮೀಟರ್ ಮಾತ್ರ ಸಾಗುತ್ತದೆ. ಆಳ ಕಡಿಮೆ ಇರುವಲ್ಲಿ ಅಲೆಯ ಏರು ಭಾಗದ ಕೆಳಗೆ ನೀರು ಹೆಚ್ಚು, ಇಳಿ ಭಾಗದ ಕೆಳಗೆ ಕಡಿಮೆ. ಆದುದರಿಂದ ಏರು ಭಾಗ ಮುಂದಕ್ಕೆ ಧಾವಿಸುತ್ತದೆ, ಇಳಿ ಭಾಗ ಹಿಂದುಳಿಯುತ್ತದೆ. ತಳದ ಘರ್ಷಣೆಯೂ ಇದರೊಡನೆ ಸೇರುತ್ತದೆ. ಪರಿಣಾಮವಾಗಿ ಅಂಥ ಕಡೆ ನೀರು ಬೇಗ ಏರಿ ನಿಧಾನವಾಗಿ ಇಳಿಯುತ್ತದೆ. ಆಕಾಶದಲ್ಲಿ ಯಾವ ಕಾರಣವೂ ಇಲ್ಲದ 6 ಗಂಟೆ 13 ನಿಮಿಷದ ಘಟಕವೊಂದು ಇಲ್ಲಿ ಹೊಸದಾಗಿ ಹುಟ್ಟುತ್ತದೆ. ಇಂತಹ ಘಟಕಗಳನ್ನು ಆಳವಿಲ್ಲದ ನೀರಿನ ಘಟಕಗಳೆಂದು ಕರೆಯಲಾಗುತ್ತದೆ. ಇವುಗಳ ಪ್ರಭಾವವಿರುವ ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಲ್ಲಿ ಒಂದೇ ಉಬ್ಬರದಲ್ಲಿ ನೀರು ಎರಡು ಬಾರಿ ಗರಿಷ್ಠ ಮಟ್ಟ ಮುಟ್ಟುತ್ತದೆ. 1882ರಲ್ಲಿ ಅದೇ ನಗರದಲ್ಲಿ ಥಾಮ್ಸನ್ ಅವರು ಉಬ್ಬರವಿಳಿತವನ್ನು ಕುರಿತು ಸಾರ್ವಜನಿಕ ಉಪನ್ಯಾಸ ನೀಡಿದರು.

ಇಂಗ್ಲಿಷ್ ಕಾಲುವೆಯ ಇನ್ನೊಂದು ವೈಚಿತ್ರ್ಯಕ್ಕೂ ಅವರ ಸಂಶೋಧನೆಯು ಉತ್ತರ ನೀಡಿತು. ಒಂದೇ ಜಲಸಂಧಿಯಾದರೂ ಫ್ರಾನ್ಸಿನ ದಡದ ಸೇಂಟ್ ಮಾಲೋ ಬಳಿ ನೀರು ಸುಮಾರು 12 ಮೀಟರ್ ಏರಿಳಿಯುತ್ತದೆ. ಎದುರಿನ ಇಂಗ್ಲೆಂಡಿನ ಪೂಲ್ ಬಂದರಿನಲ್ಲಿ ಏರಿಳಿತವು 2 ಮೀಟರನ್ನು ಮುಟ್ಟುವುದೇ ಹೆಚ್ಚು. ಕೊಲ್ಲಿಯ ಆಕಾರವು ಇದಕ್ಕೆ ಒಂದು ಕಾರಣವಾದರೆ, ಭೂಮಿಯ ಭ್ರಮಣ ಮತ್ತೊಂದು. ಭೂಮಿಯ ಭ್ರಮಣದಿಂದಾಗಿ ಉತ್ತರ ಗೋಳಾರ್ಧದಲ್ಲಿ ಚಲಿಸುವ ನೀರು ತನ್ನ ಬಲಗಡೆಗೆ ಒತ್ತಲ್ಪಡುತ್ತದೆ. ಉಬ್ಬರದ ನೀರು ಪೂರ್ವಕ್ಕೆ ಸಾಗುವಾಗ ಬಲಗಡೆಯ ಫ್ರೆಂಚ್ ದಡದಲ್ಲಿ ಏರುತ್ತದೆ. ಇಳಿತದ ನೀರು ಪಶ್ಚಿಮಕ್ಕೆ ಮರಳುವಾಗ ಅದೇ ದಡದಿಂದ ದೂರ ಸರಿಯುತ್ತದೆ. 1879ರಲ್ಲಿ ಥಾಮ್ಸನ್ ವಿವರಿಸಿದ ಈ ಬಗೆಯ ಅಲೆಗೆ ಇಂದು ಕೆಲ್ವಿನ್ ಅಲೆ ಎಂದೇ ಹೆಸರು.

ನೀರಿನ ಎತ್ತರದಂತೆಯೇ ಪ್ರವಾಹವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ನೀರು ಗರಿಷ್ಠ ಮಟ್ಟಕ್ಕೇರಿದ ಕ್ಷಣದಲ್ಲಿಯೇ ಸೆಳೆತವು ನಿಲ್ಲುತ್ತದೆ ಎಂಬ ನಂಬಿಕೆ ಎಲ್ಲೆಡೆ ನಿಜವಲ್ಲ. ಡೋವರ್ ಬಂದರಿನಲ್ಲಿ ನೀರು ತುಂಬಿ ನಿಂತ ವೇಳೆಯಲ್ಲಿಯೂ ಹೊರಗಿನ ಜಲಸಂಧಿಯಲ್ಲಿ ಪ್ರವಾಹವು ಈಶಾನ್ಯಕ್ಕೆ ಹರಿಯುತ್ತಲೇ ಇರುತ್ತದೆ. ಹಿಂದೆ ಲಂಗರು ಹಾಕಿದ ಹಡಗಿನಿಂದ ತೇಲುಗಳನ್ನು ಬಿಟ್ಟು, ಅವು ನಿಗದಿತ ವೇಳೆಯಲ್ಲಿ ಎಷ್ಟು ದೂರ ಯಾವ ದಿಕ್ಕಿಗೆ ಸಾಗಿದವೆಂದು ನೋಡಿ ಪ್ರವಾಹವನ್ನು ತಿಳಿಯಲಾಗುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ಸ್ವೀಡನ್ನಿನ ಎಕ್‌ಮನ್ ಅವರು ತಿರುಗುವ ಎಲೆಗಳುಳ್ಳ ಪ್ರವಾಹ ಮಾಪಕವನ್ನು ರೂಪಿಸಿದರು. ಇಂದು ಸಮುದ್ರತಳದಲ್ಲಿ ಇಟ್ಟ ಉಪಕರಣವು ಧ್ವನಿ ತರಂಗಗಳನ್ನು ಹೊಮ್ಮಿಸಿ, ನೀರಿನ ಬೇರೆ ಬೇರೆ ಆಳಗಳಲ್ಲಿನ ವೇಗವನ್ನು ಒಟ್ಟಿಗೇ ತಿಳಿಸುತ್ತದೆ. ಉಪಕರಣ ಬದಲಾದರೂ ವಿಶ್ಲೇಷಣೆಯ ತತ್ತ್ವ ಬದಲಾಗಿಲ್ಲ. ಪ್ರವಾಹದ ದಾಖಲೆಯನ್ನೂ ಅವೇ ಅವಧಿಗಳ ಘಟಕಗಳಾಗಿ ಬಿಡಿಸಲಾಗುತ್ತದೆ.

ಮೂರು ಯಂತ್ರಗಳು

ಕೈಲೆಕ್ಕದಿಂದ ಈ ಕೆಲಸವನ್ನು ನಡೆಸುವುದು ಅತ್ಯಂತ ಶ್ರಮದಾಯಕವಾಗಿತ್ತು. ಆದುದರಿಂದ ಥಾಮ್ಸನ್ ಅವರು ಮಾಪನ, ವಿಶ್ಲೇಷಣೆ ಮತ್ತು ಮುನ್ಸೂಚನೆ ಈ ಮೂರೂ ಹಂತಗಳಿಗೆ ಯಂತ್ರಗಳನ್ನು ರೂಪಿಸಿದರು.

ಉಬ್ಬರವಿಳಿತ ಮಾಪಕ: ದಡದಲ್ಲಿ ಬಾವಿಯಂತಹ ಕೊಳವೆಯೊಂದನ್ನು ನಿಲ್ಲಿಸಿ, ಕೆಳಗಿನ ಸಣ್ಣ ರಂಧ್ರದ ಮೂಲಕ ಸಮುದ್ರದ ನೀರನ್ನು ಒಳಬಿಡಲಾಗುತ್ತದೆ. ರಂಧ್ರವು ಚಿಕ್ಕದಾದುದರಿಂದ ಗಾಳಿಯಿಂದೇಳುವ ಅಲೆಗಳ ಕುಲುಕಾಟ ಒಳಗೆ ಬರುವುದಿಲ್ಲ. ನಿಧಾನವಾದ ಏರಿಳಿತ ಮಾತ್ರ ಉಳಿಯುತ್ತದೆ. ಒಳಗಿನ ತೇಲು ಏರಿಳಿದಂತೆ, ತಂತಿಯ ಮೂಲಕ ಲೇಖನಿಯು ಚಲಿಸಿ, ಗಡಿಯಾರದಿಂದ ತಿರುಗುವ ಉರುಳೆಯ ಮೇಲಿನ ಕಾಗದದಲ್ಲಿ ರೇಖೆಯನ್ನು ಬರೆಯುತ್ತದೆ. ಈ ಬಗೆಯ ಮಾಪಕಗಳು ಮೊದಲೇ ಇದ್ದವು. ಥಾಮ್ಸನ್ ತಮ್ಮದೇ ವಿನ್ಯಾಸದಿಂದ ಅವುಗಳನ್ನು ಸುಧಾರಿಸಿದರು.

ವಿಶ್ಲೇಷಕ: ಅವರ ಅಣ್ಣ ಜೇಮ್ಸ್ ಥಾಮ್ಸನ್ ರೂಪಿಸಿದ್ದ ತಟ್ಟೆ, ಗೋಳ ಮತ್ತು ಉರುಳೆಗಳ ಸಾಧನವನ್ನು ಆಧರಿಸಿ, ದಾಖಲೆಯ ರೇಖೆಯಿಂದ ಘಟಕಗಳನ್ನು ಬೇರ್ಪಡಿಸುವ ಯಂತ್ರದ ತತ್ತ್ವವನ್ನು 1876ರಲ್ಲಿ ಪ್ರಕಟಿಸಲಾಯಿತು.

ಮುನ್ಸೂಚಕ ಯಂತ್ರ: ಇದು ಮೂರರಲ್ಲಿ ಅತ್ಯಂತ ಪ್ರಸಿದ್ಧವಾದುದು. ಪ್ರತಿಯೊಂದು ಘಟಕಕ್ಕೂ ಒಂದು ರಾಟೆ. ಆ ರಾಟೆಯು ಹಲ್ಲುಗಾಲಿಗಳ ಮೂಲಕ ಆ ಘಟಕದ ಅವಧಿಗೆ ತಕ್ಕಂತೆ ಮೇಲೆ ಕೆಳಗೆ ಚಲಿಸುತ್ತದೆ. ಎಲ್ಲ ರಾಟೆಗಳ ಮೇಲೆಯೂ ಕೆಳಗೆಯೂ ಹಾದುಹೋಗುವ ಒಂದೇ ದಾರವು ಅವುಗಳ ಚಲನೆಯನ್ನು ಕೂಡಿಸುತ್ತದೆ. ದಾರದ ತುದಿಯ ಲೇಖನಿಯು ಮುಂಬರುವ ದಿನಗಳ ಉಬ್ಬರವಿಳಿತದ ರೇಖೆಯನ್ನು ಬರೆಯುತ್ತದೆ. ಒಂದೇ ದಾರದಿಂದ ಚಲನೆಗಳನ್ನು ಕೂಡಿಸುವ ಸಲಹೆಯನ್ನು 1872ರಲ್ಲಿ ಎಂಜಿನಿಯರ್ ಬೋಷಾಂಪ್ ಟವರ್ ನೀಡಿದ್ದರು. ಎಡ್ವರ್ಡ್ ರಾಬರ್ಟ್ಸ್ ಅವರು ಹಲ್ಲುಗಾಲಿಗಳ ಲೆಕ್ಕವನ್ನು ನಿರ್ವಹಿಸಿದರು. 1873ರ ವೇಳೆಗೆ ಸಿದ್ಧವಾದ ಮೊದಲ ಯಂತ್ರದಲ್ಲಿ ಹತ್ತು ಘಟಕಗಳಿದ್ದವು. ಹಿಡಿಯನ್ನು ತಿರುಗಿಸಿದರೆ ಒಂದು ಬಂದರಿನ ಇಡೀ ವರ್ಷದ ರೇಖೆಯು ಸುಮಾರು ನಾಲ್ಕು ಗಂಟೆಗಳಲ್ಲಿ ಸಿದ್ಧವಾಗುತ್ತಿತ್ತು.

ಭಾರತದ ಕರಾವಳಿ ಮತ್ತು ಕಾರವಾರ

ಸಮಿತಿಯು ವಿಶ್ಲೇಷಿಸಿದ ಆರಂಭದ ದಾಖಲೆಗಳಲ್ಲಿ ಇಂಗ್ಲೆಂಡಿನ ಬಂದರುಗಳೊಂದಿಗೆ ಕರಾಚಿಯೂ ಇತ್ತು. 1870ರ ದಶಕದಲ್ಲಿ ಕ್ಯಾಪ್ಟನ್ ಎ. ಡಬ್ಲ್ಯೂ. ಬೇರ್ಡ್ ಅವರು ಕಚ್ ಕೊಲ್ಲಿಯಲ್ಲಿ ಮಾಪಕಗಳನ್ನು ಸ್ಥಾಪಿಸಿದರು. ಸಮುದ್ರ ಮಟ್ಟಕ್ಕೆ ಹೋಲಿಸಿದಾಗ ಅಲ್ಲಿನ ಭೂಮಿಯು ಏರುತ್ತಿದೆಯೇ ಇಳಿಯುತ್ತಿದೆಯೇ ಎಂಬುದನ್ನು ತಿಳಿಯುವುದು ಅದರ ಉದ್ದೇಶ. ಬಳಿಕ 1877ರಿಂದ ಭಾರತದ ಕರಾವಳಿಯುದ್ದಕ್ಕೂ ಕ್ರಮಬದ್ಧ ವೀಕ್ಷಣೆಗೆ ಸರ್ಕಾರದ ಮಂಜೂರಾತಿ ದೊರೆಯಿತು. ಸರ್ವೇ ಇಲಾಖೆಯು ಇದರ ಹೊಣೆ ಹೊತ್ತಿತು. ಇಂದಿನ ಕರ್ನಾಟಕದ ಕಾರವಾರದಲ್ಲಿ 1878ರಿಂದ 1883ರವರೆಗೆ ಉಬ್ಬರವಿಳಿತ ಕೇಂದ್ರವು ಕಾರ್ಯನಿರ್ವಹಿಸಿತು. ಮುಂಬಯಿ, ಬೇಪೂರ್, ಮದರಾಸು, ವಿಶಾಖಪಟ್ಟಣ ಮೊದಲಾದ ಕಡೆಗಳಲ್ಲಿಯೂ ಇಂತಹ ಕೇಂದ್ರಗಳಿದ್ದವು.

1879ರಲ್ಲಿ ಭಾರತದ ಬಂದರುಗಳಿಗಾಗಿಯೇ ಲಂಡನ್ನಿನಲ್ಲಿ ರಾಬರ್ಟ್ಸ್ ಅವರ ಮೇಲ್ವಿಚಾರಣೆಯಲ್ಲಿ ಎರಡನೆಯ ಮುನ್ಸೂಚಕ ಯಂತ್ರವು ತಯಾರಾಯಿತು. ಅದರಲ್ಲಿ ಮೊದಲು 20 ಘಟಕಗಳಿದ್ದು, ಅನಂತರ 24ಕ್ಕೆ ಹೆಚ್ಚಿಸಲಾಯಿತು. ಮುಂದಿನ ಕಾಲದಲ್ಲಿ ಆ ಯಂತ್ರವನ್ನು ಡೆಹ್ರಾಡೂನ್‌ಗೆ ತರಲಾಯಿತು. 1883ರ ಆಗಸ್ಟ್ 27ರಂದು ಕ್ರಕಟೋವಾ ಜ್ವಾಲಾಮುಖಿಯು ಸಿಡಿದಾಗ ಎದ್ದ ಅಲೆಗಳನ್ನು ಭಾರತದ ಮಾಪಕಗಳು ದಾಖಲಿಸಿದವು. ಆ ರೇಖೆಗಳನ್ನು ಪರಿಶೀಲಿಸಿ ಬೇರ್ಡ್ ಅವರು ವರದಿ ಸಲ್ಲಿಸಿದರು. 1885ರಲ್ಲಿ ಬೇರ್ಡ್ ಮತ್ತು ಜಾರ್ಜ್ ಡಾರ್ವಿನ್ ಅವರು ಬಂದರುಗಳ ವಿಶ್ಲೇಷಣೆಯ ಫಲಿತಾಂಶಗಳನ್ನು ಪ್ರಕಟಿಸಿದರು. ಜೀವವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಅವರ ಪುತ್ರರಾದ ಜಾರ್ಜ್ ಅವರು ಥಾಮ್ಸನ್ ಅವರ ವಿಧಾನವನ್ನು ಮುಂದುವರಿಸಿದವರು. ಭಾರತದ ನಕಾಶೆಗಳಲ್ಲಿ ಸಮುದ್ರದ ಆಳವನ್ನು ಯಾವ ಮಟ್ಟದಿಂದ ಕೆಳಗೆ ಎಣಿಸಬೇಕೆಂಬುದಕ್ಕೆ ತಗ್ಗಿನ ಆಧಾರ ಮಟ್ಟವೊಂದನ್ನೂ ಅವರೇ ನಿರೂಪಿಸಿದರು.

ಈ ಮಾಪನದ ಮತ್ತೊಂದು ಫಲವು ಕರಾವಳಿಯನ್ನು ಎಂದೂ ಕಾಣದವರನ್ನೂ ಮುಟ್ಟಿತು. ಭಾರತದ ಎತ್ತರಗಳ ಲೆಕ್ಕಕ್ಕೆ ಆಧಾರವಾಗಿ 1909ರಲ್ಲಿ ಅಂಗೀಕರಿಸಿದ ಸರಾಸರಿ ಸಮುದ್ರ ಮಟ್ಟವನ್ನು ಒಂಬತ್ತು ಬಂದರುಗಳ ದಾಖಲೆಗಳಿಂದ ನಿರ್ಧರಿಸಲಾಯಿತು. ಕರಾಚಿ, ಮುಂಬಯಿ, ಕಾರವಾರ, ಬೇಪೂರ್, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ ಮತ್ತು ಫಾಲ್ಸ್ ಪಾಯಿಂಟ್ – ಇವೇ ಆ ಬಂದರುಗಳು. ಕೆರೆಯ ಏರಿ, ನಾಲೆ, ರಸ್ತೆ, ರೈಲು ಮಾರ್ಗಗಳ ಯೋಜನೆಗಳಲ್ಲಿ ಶತಮಾನದ ಕಾಲ ಬಳಸಿದ ಎತ್ತರಗಳ ಹಿಂದೆ, ಕಾರವಾರದ ದಡದಲ್ಲಿ ಹಗಲು ರಾತ್ರಿ ಏರಿಳಿದ ತೇಲೊಂದರ ದಾಖಲೆಯೂ ಇದೆ.

ಭೂಮಿಯ ಕುರಿತು ಎರಡು ನಿರ್ಣಯಗಳು

ಥಾಮ್ಸನ್ ಅವರಿಗೆ ಉಬ್ಬರವಿಳಿತದಲ್ಲಿ ಆಸಕ್ತಿ ಮೂಡಲು ಇನ್ನೊಂದು ಕಾರಣವೂ ಇತ್ತು. ಭೂಮಿಯ ಒಳಭಾಗವು ತೆಳುವಾದ ಚಿಪ್ಪಿನೊಳಗಿನ ದ್ರವವೆಂದು ಆಗ ಹಲವರು ಭಾವಿಸಿದ್ದರು. ಹಾಗಿದ್ದಲ್ಲಿ ನೆಲವೂ ನೀರಿನಂತೆಯೇ ಏರಿಳಿದು, ದಡದಲ್ಲಿ ನಿಂತವರಿಗೆ ಉಬ್ಬರವೇ ಕಾಣದಾಗುತ್ತಿತ್ತು ಎಂದು ಅವರು ವಾದಿಸಿದರು. ಇಂಗ್ಲೆಂಡ್, ಫ್ರಾನ್ಸ್ ಮತ್ತು ಭಾರತದ 14 ಬಂದರುಗಳ ಒಟ್ಟು 33 ವರ್ಷಗಳ ದಾಖಲೆಗಳಿಂದ ಜಾರ್ಜ್ ಡಾರ್ವಿನ್ ಅವರು ಹದಿನೈದು ದಿನಗಳಿಗೊಮ್ಮೆ ಬರುವ ಸೂಕ್ಷ್ಮ ಏರಿಳಿತವನ್ನು ಲೆಕ್ಕ ಹಾಕಿದರು. ಭೂಮಿಯು ಒಟ್ಟಾರೆ ಉಕ್ಕಿನಷ್ಟು ಗಟ್ಟಿಯಾಗಿದೆ ಎಂಬ ತೀರ್ಮಾನಕ್ಕೆ ಅದು ಬೆಂಬಲ ನೀಡಿತು. ಭೂಮಿಯ ಹೊರಗರ್ಭವು ದ್ರವವೆಂದು ಭೂಕಂಪನ ಅಲೆಗಳ ಅಧ್ಯಯನದಿಂದ ಮುಂದೆ ತಿಳಿದುಬಂದರೂ, ಅದರ ಮೇಲಿನ ದಪ್ಪನೆಯ ಕವಚವು ಘನವೆಂಬ ಮಾತು ನಿಂತಿದೆ.

ಆದರೆ ಭೂಮಿಯ ವಯಸ್ಸಿನ ವಿಷಯದಲ್ಲಿ ಅವರ ಲೆಕ್ಕ ತಪ್ಪಿತು. ಶಾಖದ ಹರಿವಿನಿಂದ ಲೆಕ್ಕ ಹಾಕಿ 1897ರಲ್ಲಿ ಅವರು ಭೂಮಿಯ ವಯಸ್ಸು 2 ಕೋಟಿಯಿಂದ 4 ಕೋಟಿ ವರ್ಷವೆಂದರು. ಇಂದು ಅದು ಸುಮಾರು 454 ಕೋಟಿ ವರ್ಷವೆಂದು ತಿಳಿದಿದೆ. ಭೂಗರ್ಭದ ನಿಧಾನ ಚಲನೆಯನ್ನು ಅವರ ಲೆಕ್ಕವು ಒಳಗೊಂಡಿರಲಿಲ್ಲ. ವಿಕಿರಣಪಟುತ್ವವು ಪತ್ತೆಯಾದದ್ದೇ 1896ರಲ್ಲಿ. ಭೂವಿಜ್ಞಾನಿಗಳು ಶಿಲೆಗಳಲ್ಲಿ ಓದಿದ ಸಾಕ್ಷ್ಯಕ್ಕಿಂತ ತಮ್ಮ ಗಣಿತವನ್ನೇ ಅವರು ಹೆಚ್ಚು ನಂಬಿದರು. ಉಬ್ಬರವಿಳಿತದಲ್ಲಿ ಅವರು ಹಾಗೆ ಮಾಡಲಿಲ್ಲ. ಅಲ್ಲಿ ಗಣಿತವು ಅವಧಿಗಳನ್ನು ಮಾತ್ರ ಹೇಳಿತು, ಉಳಿದುದನ್ನು ಸಮುದ್ರದ ದಾಖಲೆಯೇ ಹೇಳಲು ಬಿಟ್ಟರು. ಅವರ ಈ ಕಾರ್ಯವು ಇಂದಿಗೂ ಉಳಿದುಬಂದಿರುವುದಕ್ಕೆ ಇದೇ ಕಾರಣ.

ಅಂತಿಮ ದಿನಗಳು

1874ರಲ್ಲಿ ಅವರು ಮಡೀರಾ ದ್ವೀಪದ ಫ್ರಾನ್ಸಿಸ್ ಬ್ಲಾಂಡಿ ಅವರನ್ನು ವಿವಾಹವಾದರು. ಅವರಿಗೆ ಮಕ್ಕಳಿರಲಿಲ್ಲ. 1890ರಿಂದ 1895ರವರೆಗೆ ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದರು. 1892ರಲ್ಲಿ ಲಾರ್ಡ್ ಪದವಿ ದೊರೆತಾಗ, ತಮ್ಮ ವಿಶ್ವವಿದ್ಯಾನಿಲಯದ ಪಕ್ಕದಲ್ಲಿ ಹರಿಯುವ ಕೆಲ್ವಿನ್ ಎಂಬ ಪುಟ್ಟ ನದಿಯ ಹೆಸರನ್ನು ಆರಿಸಿಕೊಂಡರು. 1899ರಲ್ಲಿ ನಿವೃತ್ತರಾದ ಮೇಲೆ ಅದೇ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿಕೊಂಡರು. 1907ರ ಡಿಸೆಂಬರ್ 17ರಂದು ಲಾರ್ಗ್ಸ್ ಎಂಬಲ್ಲಿನ ತಮ್ಮ ನಿವಾಸದಲ್ಲಿ ನಿಧನರಾದರು. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ನ್ಯೂಟನ್ ಅವರ ಸಮಾಧಿಯ ಬಳಿ ಅವರನ್ನು ಸಮಾಧಿ ಮಾಡಲಾಯಿತು.

ಮರಣಾನಂತರದ ಉಪಯೋಗ

ರಾಟೆ ಮತ್ತು ದಾರದ ಯಂತ್ರಗಳು ಗಣಕಯಂತ್ರಗಳು ಬರುವವರೆಗೆ ಸೇವೆ ಸಲ್ಲಿಸಿದವು. ಎರಡನೆಯ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು, ಮಿತ್ರ ರಾಷ್ಟ್ರಗಳ ಸೈನ್ಯವು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿದ ವೇಳೆಯನ್ನು ನಿರ್ಧರಿಸಲು ಲಿವರ್‌ಪೂಲ್ ಬಳಿಯ ಬಿಡ್‌ಸ್ಟನ್ ವೀಕ್ಷಣಾಲಯದಲ್ಲಿ ಆರ್ಥರ್ ಡೂಡ್‌ಸನ್ ಅವರು ಇಂತಹ ಯಂತ್ರಗಳಿಂದಲೇ ಉಬ್ಬರವಿಳಿತವನ್ನು ಲೆಕ್ಕ ಹಾಕಿದರು. ಆ ತೀರದಲ್ಲಿ ನೀರು ಸುಮಾರು 6 ಮೀಟರ್ ಏರಿಳಿಯುತ್ತದೆ. ದಡದಲ್ಲಿ ನೆಟ್ಟಿದ್ದ ತಡೆಗಳು ಇಳಿತದ ವೇಳೆಯಲ್ಲಿ ಮಾತ್ರ ಕಣ್ಣಿಗೆ ಬೀಳುತ್ತಿದ್ದವು. ಲೆಕ್ಕವು ಒಂದು ಗಂಟೆ ತಪ್ಪಿದ್ದರೂ ಸಾವಿರಾರು ಜೀವಗಳಿಗೆ ಅಪಾಯವಿತ್ತು.

ಕೋಷ್ಟಕಕ್ಕೆ ಮಿತಿಯೂ ಉಂಟು. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರದಲ್ಲಿ ಬಿರುಗಾಳಿಯು ನೀರನ್ನು ಕೋಷ್ಟಕದ ಮಟ್ಟಕ್ಕಿಂತ ಬಹಳ ಮೇಲಕ್ಕೆ ತಳ್ಳಿತು. ನೆದರ್ಲೆಂಡ್ಸ್‌ನಲ್ಲಿ 1,836 ಜನರೂ ಇಂಗ್ಲೆಂಡಿನಲ್ಲಿ 307 ಜನರೂ ಪ್ರಾಣ ಕಳೆದುಕೊಂಡರು. ಚಂದ್ರ ಸೂರ್ಯರ ಗತಿಯನ್ನು ಮುಂಚಿತವಾಗಿ ತಿಳಿಯಬಹುದು, ಬಿರುಗಾಳಿಯನ್ನು ವರ್ಷದ ಮೊದಲೇ ತಿಳಿಯಲಾಗದು. ಆ ದುರಂತದ ಬಳಿಕ ಮಾಪಕಗಳನ್ನು ಎಚ್ಚರಿಕೆಯ ವ್ಯವಸ್ಥೆಯೊಂದಿಗೆ ಜೋಡಿಸುವ ಕಾರ್ಯ ಬೆಳೆಯಿತು. ಭಾರತದಲ್ಲಿ 2004ರ ಸುನಾಮಿಯ ನಂತರ, 2007ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿತವಾದ ಮುನ್ನೆಚ್ಚರಿಕೆ ಕೇಂದ್ರವು ಕರಾವಳಿಯ ಮಾಪಕಗಳ ಮಾಹಿತಿಯನ್ನು ಬಳಸುತ್ತದೆ.

ನಾಗರಿಕರು ಗಮನಿಸಬೇಕಾದ ಅಂಶಗಳು

1. ಉಬ್ಬರವಿಳಿತದ ಕೋಷ್ಟಕವು ನಿರ್ದಿಷ್ಟ ಬಂದರಿಗೆ ಸಂಬಂಧಿಸಿದ್ದು. ಒಂದು ಬಂದರಿನ ಕೋಷ್ಟಕವನ್ನು ಬೇರೆ ಸ್ಥಳಕ್ಕೆ ನೇರವಾಗಿ ಬಳಸಬಾರದು. ಕರ್ನಾಟಕದ ಕರಾವಳಿಯಲ್ಲಿ ಏರಿಳಿತವು ಸಾಮಾನ್ಯವಾಗಿ 2 ಮೀಟರಿನ ಒಳಗಿದ್ದರೆ, ಗುಜರಾತಿನ ಭಾವನಗರದ ಬಳಿ ಸುಮಾರು 10 ಮೀಟರ್ ಇರುತ್ತದೆ.

2. ಕೋಷ್ಟಕದಲ್ಲಿನ ಎತ್ತರವನ್ನು ನಕಾಶೆಯ ಆಧಾರ ಮಟ್ಟದಿಂದ ಎಣಿಸಲಾಗುತ್ತದೆ, ಸರಾಸರಿ ಸಮುದ್ರ ಮಟ್ಟದಿಂದ ಅಲ್ಲ. ಜಮೀನಿನ ಎತ್ತರದೊಂದಿಗೆ ಹೋಲಿಸುವಾಗ ಈ ವ್ಯತ್ಯಾಸವನ್ನು ಗಮನಿಸತಕ್ಕದ್ದು.

3. ಕೋಷ್ಟಕವು ಗಾಳಿ, ವಾಯುಭಾರ ಮತ್ತು ನದಿಯ ಪ್ರವಾಹಗಳ ಪರಿಣಾಮವನ್ನು ಒಳಗೊಂಡಿರುವುದಿಲ್ಲ. ಮಳೆಗಾಲದಲ್ಲಿ ಮತ್ತು ಚಂಡಮಾರುತದ ಸಂದರ್ಭದಲ್ಲಿ ಹವಾಮಾನ ಎಚ್ಚರಿಕೆಯನ್ನು ತಪ್ಪದೆ ಪಾಲಿಸತಕ್ಕದ್ದು.

4. ಅಳಿವೆಯಲ್ಲಿ ನೀರಿನ ಮಟ್ಟ ಮತ್ತು ಸೆಳೆತ ಎರಡನ್ನೂ ಬೇರೆ ಬೇರೆಯಾಗಿ ತಿಳಿಯುವುದು ಅಗತ್ಯ. ನೀರು ತುಂಬಿದೆ ಎಂದ ಮಾತ್ರಕ್ಕೆ ಸೆಳೆತವು ನಿಂತಿದೆ ಎಂದು ಭಾವಿಸಬಾರದು.

5. ಬಂದರುಗಳಲ್ಲಿರುವ ಮಾಪಕ ಕೊಳವೆ, ಅಳತೆಯ ಪಟ್ಟಿ ಮತ್ತು ಮಟ್ಟದ ಗುರುತಿನ ಕಲ್ಲುಗಳು ಸಾರ್ವಜನಿಕ ಆಸ್ತಿ. ದೋಣಿಯ ಹಗ್ಗವನ್ನು ಅವುಗಳಿಗೆ ಕಟ್ಟುವುದು, ಕಲ್ಲುಗಳನ್ನು ಸರಿಸುವುದು ಸಲ್ಲದು. ಗುರುತಿನ ಕಲ್ಲು ಕದಲಿದರೆ ಹಿಂದಿನ ಎಷ್ಟೋ ವರ್ಷಗಳ ದಾಖಲೆಯನ್ನು ಮುಂದಿನ ದಾಖಲೆಯೊಂದಿಗೆ ಹೋಲಿಸಲು ಸಾಧ್ಯವಾಗುವುದಿಲ್ಲ.